ಸಾಕ್ಷಿ ಹೇಳುವ ಹೊತ್ತು

ಝುವಾರಿನಗರದ ತಗಡಿನ ಸಭೆಯಲ್ಲಿ
ಎರಡನೇ ಹಾಡು ಮುಗಿದ ಮೇಲೆ ಪಾಸ್ಟರು ಕೇಳುತ್ತಾರೆ:
ಯಾರದಾದರೂ ಸಾಕ್ಷಿ ಇದೆಯೇ?
ಇರುತ್ತದೆ.
ಒಬ್ಬಳ ಕಿಡ್ನಿಯ ಹರಳು ಕರಗಿದೆ,
ಒಬ್ಬನಿಗೆ ಹಡಗುಕಟ್ಟೆಯ ಕೆಲಸ ಕಾಯಂ ಆಗಿದೆ,
ಯಾರದೋ ಮೈದುನ ಮೂರು ವಾರದಿಂದ ಬಾಟಲಿ ಮುಟ್ಟಿಲ್ಲ.
ಸ್ತೋತ್ರ, ಸ್ತೋತ್ರ ಅನ್ನುತ್ತದೆ ಸಭೆ.
ತಗಡಿನ ಮೇಲೆ ಕಾಗೆಯ ಉಗುರು ಕಿರಗುಡುತ್ತದೆ.
ಆರು ವರ್ಷದಿಂದ ನಾನು
ಚಾಪೆಯಂಚಿನ ದಾರ ಕೀಳುತ್ತ ಕೂತಿದ್ದೇನೆ.

ಅತ್ತೆ ಸಾಕ್ಷಿ ಹೇಳಿದ್ದು ಒಂದೇ ಸಲ,
ಅದೂ ಇಲ್ಲಲ್ಲ, ಮಡಗಾಂವಿನ ಕೋರ್ಟಿನಲ್ಲಿ.
ಹೆಸರು ಸುವಾರ್ತವ್ವ, ಊರು ಬೆಟಗೇರಿ,
ಎಡಗಾಲಲ್ಲಿ ರಾಡು.
ಸ್ಕೂಟರಿನ ಹಿಂದಿನ ಸೀಟಿನಲ್ಲಿದ್ದವಳು.
ಅದಿರಿನ ಟ್ರಕ್ಕು ಬಂದದ್ದನ್ನು ಕಂಡವಳು
ಅವಳೊಬ್ಬಳೇ.

ನಮ್ಮ ವಕೀಲ ಹಿಂದಿನ ಸಂಜೆ ಚಹಾ ಕುಡಿಯುತ್ತ ಕಲಿಸಿದ್ದ:
ಟ್ರಕ್ಕು ಜೋರಿತ್ತು ಅನ್ನಿ. ಮಗ ಎಡಕ್ಕೇ ಇದ್ದ ಅನ್ನಿ.
ಉಳಿದದ್ದು ನೆನಪಿಲ್ಲ ಅಂದರಾಯಿತು,
ಇಪ್ಪತ್ತೆರಡು ಲಕ್ಷ ಎಲ್ಲೂ ಹೋಗುವುದಿಲ್ಲ.
ನಾನು ತಲೆಯಾಡಿಸಿದ್ದೆ.
ಅತ್ತೆ ಹುಣಸೆಯ ಬೀಜ ಬಿಡಿಸುತ್ತಿದ್ದಳು.

ಕಟಕಟೆಯಲ್ಲಿ ಆಣೆ ಇಡಿ ಅಂದರು.
"ಆಣಿ ಬ್ಯಾಡ್ರಿ ಸಾಹೇಬ್ರ,
ಇಡಬ್ಯಾಡ ಅಂದಾನ ನಮಗ ಒಬ್ಬಾವ.
ಸುಮ್ಮನ ಹೇಳತೀನಿ, ಖರೇನ ಇರತದ."
ದುಭಾಷಿ ನಕ್ಕು, ಅರ್ಧ ತಿರುಗಿಸಿ ಅರ್ಧ ಬಿಟ್ಟ.
ಆಮೇಲೆ ಬಂತು ಖರೆ:
ಚಿಕಾಲಿಮಿನ ಇಳಿಜಾರು. ಜಯಶೀಲ ಬಲಕ್ಕೆ ಹೋಗಿದ್ದ.
ಟ್ರಕ್ಕಿನವನು ಹಾರ್ನು ಹೊಡೆದ, ಎರಡು ಸಲ.
ಮಗನ ಕಿವಿಯಲ್ಲಿ ಫೋನಿತ್ತು.
ಎದುರಿನ ವಕೀಲ ಇಷ್ಟು ಸಾಕೆಂದು ಕೂತ.
ಯಾರ ಫೋನು ಎಂಬುದು ಅವನಿಗೆ ಬೇಕಿರಲಿಲ್ಲ.
ನನ್ನ ಅಂಗೈ ಬೆಂಚಿನ ಮರಕ್ಕೆ ಅಂಟಿಕೊಂಡಿತ್ತು.

ಹೊರಗೆ ಶಾಣು ವೇಳಿಪ್ ನಿಂತಿದ್ದ,
ಸಾಂಗೆ ಕಡೆಯ ಇಪ್ಪತ್ತಾರರ ಹುಡುಗ,
ಯಾಕೋ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು.
ಅತ್ತೆ ಅವನತ್ತ ನೋಡಲಿಲ್ಲ.
ಬಸ್ಸಿನ ತನಕ ಕುಂಟುತ್ತ ನಡೆದಳು,
ಮೆಟ್ಟಿಲಿಗೆ ಕಾಲಿಟ್ಟಳು, ತೆಗೆದಳು,
ತಿರುಗಿ ಹೋಗಿ ನೀರಿನ ಬಾಟಲಿ ಕೊಟ್ಟು ಬಂದಳು.
ಅಷ್ಟು ದೂರ
ಅವಳಿಗೆ ಎಷ್ಟು ದೂರವಿತ್ತೋ.

ಹಣ ಅರ್ಧವೂ ಬರಲಿಲ್ಲ.
ಮೇ ತಿಂಗಳಿಗೊಮ್ಮೆ ಕೋಕಂ ಬರುತ್ತದೆ,
ಶಾಣು ಕಳಿಸಿದ್ದು, ಹಳೆ ಪೇಪರಿನಲ್ಲಿ ಕಟ್ಟಿ.
ಮೊದಲ ಕಟ್ಟು ಗಟಾರಕ್ಕೆ ಎಸೆದೆ.
ಎರಡನೆಯದರಲ್ಲಿ, ಹುಣಸೆ ಬಿಟ್ಟು ಬೇರೆ ಹುಳಿ ಅರಿಯದವಳು,
ಸಾರು ಮಾಡಿದಳು. ಮಗು ಮತ್ತೆ ಹಾಕಿಸಿಕೊಂಡಿತು.
ನಾನೂ ಉಂಡೆ.

ಮೂರು ವರ್ಷ ಅವಳೊಡನೆ ನೆಟ್ಟಗೆ ಮಾತಾಡಲಿಲ್ಲ ನಾನು.
ಹಣಕ್ಕಾಗಿ ಅಂದುಕೊಂಡರು ನೆರೆಯವರು.
ಹಣಕ್ಕೂ ಹೌದು.

ಅದು ಅಗ್ಗದ ಫೋನು,
ಕಿವಿಗೊತ್ತಿ ಹಿಡಿದರೂ ಓಣಿಗೆಲ್ಲ ಕೇಳುವಂಥದು.
ಮಗನ ಬೆನ್ನಿಗೆ ಕೆನ್ನೆ ಆನಿಸಿ ಕೂತವಳು
ಕೇಳಿರಲೇಬೇಕು ನನ್ನ ದನಿ:
"ನಿಮ್ಮವ್ವನ್ನ ಹುಬ್ಬಳ್ಳಿ ಗಾಡಿ ಯಾವಾಗ ಹತ್ತಸ್ತಿ?
ಇವತ್ತ ಹೇಳು. ಈಗ ಹೇಳು."
ಹಾರ್ನು ನನಗೂ ಕೇಳಿತ್ತು.
ಎರಡು ಸಲ.

ಕ್ಷಮಿಸಿದ್ದೇನೆ ಎಂದು ಅವಳು ಒಮ್ಮೆಯೂ ಅಂದಿಲ್ಲ.
ಅಂದರೆ, ಗೊತ್ತಿದೆ ಅಂದಂತಾಗುತ್ತದಲ್ಲ.
ರಾತ್ರಿ ದೀಪ ಆರಿಸುವ ಮುಂಚೆ
ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾಳೆ.
ತುಟಿ ಅಲುಗುತ್ತದೆ, ಮಾತು ಕೇಳುವುದಿಲ್ಲ,
ಒಂದು ಕಡೆ ಬಂದಾಗ ಮಾತ್ರ
ಕೈ ತುಸು ಒತ್ತುತ್ತದೆ.

ಇವತ್ತೂ ಪಾಸ್ಟರು ಕೇಳಿದರು.
ನನ್ನ ಮೊಣಕಾಲು ನನ್ನನ್ನು ಕೇಳದೆ ಎದ್ದವು.
ಅತ್ತೆ ಗಬಕ್ಕನೆ ಸೆರಗು ಹಿಡಿದಳು.
ಕೂಡಿಸಲಿಕ್ಕೆ ಅಂದುಕೊಂಡೆ.
ಅಲ್ಲ, ರಾಡಿನ ಕಾಲು,
ಏಳಬೇಕಾದರೆ ಅವಳಿಗೆ ಏನಾದರೂ ಹಿಡಿಯಬೇಕು.
ಪಕ್ಕದಲ್ಲಿ ಬಂದು ನಿಂತಳು.
ಸಭೆ ಆಗಲೇ
ಸ್ತೋತ್ರ ಅನ್ನಲು ಬಾಯಿ ತೆರೆದುಕೊಂಡಿತ್ತು.